ರೇಷ್ಮೆ ಪುಸ್ತಕಗಳೆಲ್ಲ ಒಂದೇ ಕಡೆ ಯಾಕಿಲ್ಲ?

"ಮೇಡಂ, ನಮ್ಮ ವಿಷಯದ ಪುಸ್ತಕಗಳನ್ನೆಲ್ಲ ಒಂದೇ ರ್‍ಯಾಕಿಗೆ ತಂದಿಡಿಸಿ. ಸುಮ್ನೆ ಮಹಡಿಯಿಂದ ಮಹಡಿಗೆ ಓಡಾಡಿಸ್ತೀರಿ." ಪಿಎಚ್.ಡಿ. ಮಾಡುವವರು, ಅವರ ಗೈಡ್‌ಗಳು, ಕೆಲವೊಮ್ಮೆ ವಿಭಾಗದ ಮುಖ್ಯಸ್ಥರೇ ಬಂದು ಹೀಗೆ ಹೇಳುತ್ತಾರೆ. ಬೆಂಗಳೂರಿನಲ್ಲಿ ಇಷ್ಟು ವರ್ಷ ಕಾಲೇಜು ಗ್ರಂಥಾಲಯ ನೋಡಿಕೊಂಡ ಮೇಲೂ ಈ ಮಾತಿಗೆ ನನ್ನ ತಾಳ್ಮೆ ಕರಗುತ್ತದೆ. ಕೇಳುವುದು ತಪ್ಪಲ್ಲ. ಆದರೆ ಪುಸ್ತಕ ತಪ್ಪು ಜಾಗದಲ್ಲಿದೆ ಎಂದು ಮೊದಲೇ ತೀರ್ಮಾನ ಮಾಡಿಕೊಂಡು ಬರುತ್ತಾರಲ್ಲ, ಅದು ಬೇಸರ.

ರೇಷ್ಮೆಯನ್ನೇ ತೆಗೆದುಕೊಳ್ಳಿ. ಗ್ರಂಥಾಲಯದ ಪುಸ್ತಕಗಳಿಗೆ ಅಂಕಿ ಕೊಟ್ಟು ಜೋಡಿಸುವ ಡ್ಯೂಯಿ ಪದ್ಧತಿಯಲ್ಲಿ ರೇಷ್ಮೆ ಹುಳ ಸಾಕಣೆ 638.2. ರೇಷ್ಮೆ ನೂಲು, ಬಟ್ಟೆ 677.39. ರೇಷ್ಮೆ ಉತ್ಪಾದನೆಯ ಅರ್ಥಶಾಸ್ತ್ರ 338.1782. ಚಿಟ್ಟೆ, ಪತಂಗಗಳ ಪ್ರಾಣಿಶಾಸ್ತ್ರ 595.78. ರೇಷ್ಮೆ ಬೆಳೆಗಾರನ ಬದುಕಿನ ಬಗ್ಗೆ ಯಾರಾದರೂ ಕನ್ನಡದಲ್ಲಿ ಕಾದಂಬರಿ ಬರೆದರೆ ಅದು 894.8143ಕ್ಕೆ ಹೋಗುತ್ತದೆ. ಎಲ್ಲದರಲ್ಲೂ ಇರುವುದು ರೇಷ್ಮೆಯೇ, ಅಲ್ವಾ? ಹಾಗಾದರೆ ಐದು ಕಡೆ ಯಾಕೆ?

ಯಾಕೆಂದರೆ ಪುಸ್ತಕ ಯಾವ ವಸ್ತುವಿನ ಬಗ್ಗೆ ಇದೆ ಎಂದು ಡ್ಯೂಯಿ ಮೊದಲು ಕೇಳುವುದಿಲ್ಲ. ಆ ವಸ್ತುವನ್ನು ಯಾವ ಶಾಸ್ತ್ರದವರು ನೋಡುತ್ತಿದ್ದಾರೆ ಎಂದು ಕೇಳುತ್ತದೆ. ಮೊದಲು ಶಾಸ್ತ್ರ, ಆಮೇಲೆ ವಸ್ತು. ಕೃಷಿಯವರು ನೋಡಿದ ರೇಷ್ಮೆ ಕೃಷಿಯಲ್ಲಿ, ಜವಳಿಯವರು ನೋಡಿದ ರೇಷ್ಮೆ ಜವಳಿಯಲ್ಲಿ. ಇದನ್ನು ಎಷ್ಟು ಸಲ ಹೇಳಿದರೂ "ಆದರೂ ಮೇಡಂ, ಎರಡೂ ರೇಷ್ಮೆಯೇ ತಾನೇ" ಎನ್ನುತ್ತಾರೆ. ಹೌದು, ರೇಷ್ಮೆಯೇ. ಆದರೆ 638.2ರ ಪಕ್ಕದಲ್ಲಿ ಜೇನು ಸಾಕಣೆ ಇದೆ. 677.39ರ ಹತ್ತಿರದಲ್ಲಿ ಹತ್ತಿ, ಉಣ್ಣೆ ಇವೆ. ನಿಮಗೋಸ್ಕರ ರೇಷ್ಮೆಯನ್ನು ಅಲ್ಲಿಂದ ಕಿತ್ತು ತಂದರೆ, ನಾಳೆ ಬರುವ ಜವಳಿ ವಿದ್ಯಾರ್ಥಿ ತನ್ನ ರ್‍ಯಾಕಿನಲ್ಲಿ ರೇಷ್ಮೆ ಇಲ್ಲವೆಂದು ಹುಡುಕುತ್ತಾ ನಿಲ್ಲುತ್ತಾನೆ.

ಪುಸ್ತಕ ಇರುವುದು ಒಂದು. ಅದನ್ನು ಒಂದೇ ಕಡೆ ಇಡಬಹುದು. ಕ್ಯಾಟಲಾಗ್‌ನಲ್ಲಿ ಮಾತ್ರ ಅದೇ ಪುಸ್ತಕಕ್ಕೆ ಮೂರು, ನಾಲ್ಕು ವಿಷಯಗಳನ್ನು ಕೊಡಬಹುದು. ಕಂಪ್ಯೂಟರಿನಲ್ಲಿ ರೇಷ್ಮೆ ಎಂದು ಹುಡುಕಿದರೆ ಬೇರೆ ಬೇರೆ ಕಡೆ ಇರುವವು ಒಟ್ಟಿಗೆ ಬರುತ್ತವೆ. ಈ ಚದುರುವಿಕೆ ಮೆಲ್ವಿಲ್ ಡ್ಯೂಯಿಗೂ ಗೊತ್ತಿತ್ತು. 1876ರಲ್ಲಿ ಪದ್ಧತಿಯನ್ನು ಪ್ರಕಟಿಸಿದಾಗಲೇ ಕೊನೆಯಲ್ಲಿ ಒಂದು ಸೂಚಿಯನ್ನು ಸೇರಿಸಿದ್ದರು. ಮುಂದೆ ರಿಲೇಟಿವ್ ಇಂಡೆಕ್ಸ್ ಎಂದು ಹೆಸರಾದದ್ದು ಅದೇ. ಒಂದು ವಸ್ತು ಯಾವ ಯಾವ ಶಾಸ್ತ್ರಗಳಲ್ಲಿ ಹಂಚಿಹೋಗಿದೆ ಎಂದು ಅದು ತೋರಿಸುತ್ತದೆ.

ನಮ್ಮ ಊರಲ್ಲಿ ಕುಳಿತು ಇದನ್ನು ಬರೆಯುವಾಗ ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ ಅವರನ್ನು ಬಿಡಲಾಗುವುದಿಲ್ಲ. ಗಣಿತದ ಮೇಷ್ಟ್ರಾಗಿದ್ದವರು 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. ಲಂಡನ್ನಿನ ಅಂಗಡಿಯೊಂದರಲ್ಲಿ ಮೆಕ್ಯಾನೊ ಆಟಿಕೆ ನೋಡಿ, ಬಿಡಿ ತುಂಡುಗಳನ್ನು ಜೋಡಿಸುವ ಹಾಗೆ ವಿಷಯಗಳನ್ನೂ ಜೋಡಿಸಬಹುದಲ್ಲ ಎಂದು ಹೊಳೆಯಿತಂತೆ. 1933ರಲ್ಲಿ ಕೋಲನ್ ವರ್ಗೀಕರಣ ಬಂತು. ವಸ್ತು, ಕ್ರಿಯೆ, ಜಾಗ, ಕಾಲ ಇವನ್ನೆಲ್ಲ ಬಿಡಿಬಿಡಿಯಾಗಿ ತೆಗೆದು ಒಂದೇ ಅಂಕಿಯಲ್ಲಿ ಕೂಡಿಸುವ ಪದ್ಧತಿ ಅದು. ಅವರು 1962ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಡಿಆರ್‌ಟಿಸಿ (ದಾಖಲೀಕರಣ ಸಂಶೋಧನೆ ಮತ್ತು ತರಬೇತಿ ಕೇಂದ್ರ) ಈಗಲೂ ಮೈಸೂರು ರಸ್ತೆಯ ಭಾರತೀಯ ಸಾಂಖ್ಯಿಕ ಸಂಸ್ಥೆಯಲ್ಲಿದೆ. ಅಷ್ಟೆಲ್ಲ ಮಾಡಿದರೂ ಅವರ ಪದ್ಧತಿಯಲ್ಲೂ ಒಂದು ಪುಸ್ತಕಕ್ಕೆ ಒಂದೇ ಜಾಗ.

ಶಿಡ್ಲಘಟ್ಟದ ಕಡೆಯ ಒಬ್ಬಳು ಹುಡುಗಿ ರೇಷ್ಮೆ ಹುಳಕ್ಕೆ ಬರುವ ಹಾಲುತೊಂಡೆ ರೋಗದ ಮೇಲೆ ಪ್ರಾಜೆಕ್ಟ್ ಮಾಡುತ್ತಿದ್ದಳು. ಮನೆಯಲ್ಲಿ ಹುಳ ಮೇಯಿಸುವವರು. 638.2ರಲ್ಲಿದ್ದ ಪುಸ್ತಕಗಳನ್ನೆಲ್ಲ ಓದಿ ಮುಗಿಸಿ, "ಇಷ್ಟೇನಾ ಮೇಡಂ?" ಎಂದು ಸಪ್ಪೆ ಮುಖ ಮಾಡಿಕೊಂಡು ಬಂದಳು. ಹಾಲುತೊಂಡೆಗೆ ಕಾರಣ ಒಂದು ವೈರಸ್. ವೈರಸ್ ಪುಸ್ತಕಗಳಿರುವುದು 579.2ರಲ್ಲಿ. ಅಲ್ಲಿಗೆ ಕರೆದುಕೊಂಡು ಹೋದೆ. ಕೀಟಗಳ ವೈರಸ್ ಬಗ್ಗೆ ಇಡೀ ಅಧ್ಯಾಯವೇ ಸಿಕ್ಕಿತು. ಅವಳ ಮುಖ ಅರಳಿದ್ದು ಇನ್ನೂ ನೆನಪಿದೆ. ಮಾರನೇ ದಿನದಿಂದ ಅವಳೇ ಕ್ಯಾಟಲಾಗ್ ಮುಂದೆ ಕೂತು ಬೇರೆ ಬೇರೆ ಪದ ಹಾಕಿ ಹುಡುಕತೊಡಗಿದಳು.

ಇಲ್ಲಿ ಕೊಟ್ಟ ಅಂಕಿಗಳೇ ಎಲ್ಲ ಗ್ರಂಥಾಲಯಗಳಲ್ಲೂ ಇರುತ್ತವೆ ಎಂದು ಭರವಸೆ ಕೊಡಲಾರೆ. ಡ್ಯೂಯಿಯ ಆವೃತ್ತಿ, ಆಯಾ ಗ್ರಂಥಾಲಯದ ರೂಢಿ ನೋಡಿ ಬದಲಾಗಬಹುದು. ಕೆಲವು ಪುಸ್ತಕಗಳನ್ನು ನಿಜವಾಗಿಯೂ ಎರಡರಲ್ಲಿ ಯಾವ ಕಡೆ ಇಟ್ಟರೂ ಸರಿ ಎನ್ನಿಸುತ್ತದೆ. ಅದಕ್ಕೂ ನಿಯಮವಿದೆ. ಒಂದು ಇನ್ನೊಂದರ ಮೇಲೆ ಬೀರುವ ಪರಿಣಾಮದ ಪುಸ್ತಕವಾದರೆ, ಪರಿಣಾಮ ಆಗುತ್ತಿರುವ ಕಡೆ ಇಡಬೇಕು. ಹವಾಮಾನದಿಂದ ರೇಷ್ಮೆ ಬೆಳೆಗೆ ಏನಾಗುತ್ತದೆ ಎಂಬ ಪುಸ್ತಕ ರೇಷ್ಮೆಯ ಜೊತೆ ಇರಬೇಕು, ಹವಾಮಾನದ ಜೊತೆ ಅಲ್ಲ.

ಗೈಡ್‌ಗಳಲ್ಲಿ ಒಂದು ಕೋರಿಕೆ. ವಿದ್ಯಾರ್ಥಿಯನ್ನು ಕಳಿಸುವಾಗ "ಸೆರಿಕಲ್ಚರ್ ರ್‍ಯಾಕು ನೋಡು" ಎಂದಷ್ಟೇ ಹೇಳಬೇಡಿ. ವಿಷಯಕ್ಕೆ ಸಂಬಂಧಿಸಿದ ನಾಲ್ಕೈದು ಪದಗಳನ್ನು ಒಂದು ಚೀಟಿಯಲ್ಲಿ ಬರೆದುಕೊಡಿ: ರೋಗದ ಹೆಸರು, ಊರು, ಬೆಳೆ, ಕಾಲ. ಆ ಚೀಟಿ ಹಿಡಿದು ಬಂದರೆ ಯಾವ ರ್‍ಯಾಕಿಗಾದರೂ ನಾವೇ ಜೊತೆಗೆ ಬರುತ್ತೇವೆ.