ಹೆಸರು ಬ್ಯಾಂಕಿನದೇ ಇದೆ, ಮೇಲ್ ನಂಬಬಹುದಾ?

ಪ್ರಶ್ನೆ: ನನಗೊಂದು ಮೇಲ್ ಬಂದಿದೆ. ಕಳಿಸಿದವರ ಹೆಸರು ನನ್ನ ಬ್ಯಾಂಕಿನದೇ, ಲೋಗೋ ಕೂಡ ಸರಿಯಾಗಿದೆ. 24 ಗಂಟೆಯೊಳಗೆ ಲಿಂಕ್ ಒತ್ತಿ ವಿವರ ತುಂಬದಿದ್ದರೆ ಖಾತೆ ಬಂದ್ ಆಗುತ್ತದಂತೆ. ಇದು ಅಸಲಿಯೋ ನಕಲಿಯೋ ಹೇಗೆ ತಿಳಿಯುವುದು?

ಉತ್ತರ: ಮೊದಲು ಆ ಹೆಸರನ್ನು ಮರೆತುಬಿಡಿ. ಕಳಿಸುವವರ ಹೆಸರಿನ ಜಾಗದಲ್ಲಿ ಯಾರು ಏನು ಬೇಕಾದರೂ ಬರೆದುಕೊಳ್ಳಬಹುದು, ಕಾಗದದ ಲಕೋಟೆಯ ಮೇಲೆ 'ಇಂದ' ಅಂತ ಬರೆದ ಹಾಗೆ. 1982ರಲ್ಲಿ ಇಮೇಲ್ ಸಾಗಿಸುವ ನಿಯಮ ರೂಪಿಸಿದಾಗ, ಕಳಿಸಿದವರು ನಿಜಕ್ಕೂ ಅವರೇನಾ ಅಂತ ನೋಡುವ ಏರ್ಪಾಡು ಅದರಲ್ಲಿರಲಿಲ್ಲ. ಆಮೇಲೆ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಎಂಬ ತಪಾಸಣೆಗಳು ಬಂದವು. ಅವು ಎಷ್ಟೋ ನಕಲಿಗಳನ್ನು ತಡೆಯುತ್ತವೆ. ಆದರೆ ಮೋಸಗಾರ ದುಡ್ಡು ಕೊಟ್ಟು ತನ್ನದೇ ಡೊಮೇನ್ (ಇಮೇಲ್ ವಿಳಾಸದಲ್ಲಿ @ ಆದಮೇಲೆ ಬರುವ ಹೆಸರು) ತೆಗೆದುಕೊಂಡು ಅಲ್ಲಿಂದ ಮೇಲ್ ಕಳಿಸಿದರೆ, ಮೂರನ್ನೂ ದಾಟಿಬಿಡುತ್ತಾನೆ.

ಹಾಗಾಗಿ ಹೆಸರಿನ ಮೇಲೆ ಒತ್ತಿ ಪೂರ್ತಿ ವಿಳಾಸ ನೋಡಿ, ಒಂದೊಂದೇ ಅಕ್ಷರ ಓದಿ. ಇಂಗ್ಲಿಷಿನ ಎಂ ಇರಬೇಕಾದ ಕಡೆ ಆರ್ ಮತ್ತು ಎನ್ ಅಕ್ಕಪಕ್ಕ ಕೂರಿಸಿದರೆ ಫೋನಿನ ಪುಟ್ಟ ಪರದೆಯಲ್ಲಿ ಗೊತ್ತೇ ಆಗುವುದಿಲ್ಲ.

ಲಿಂಕ್‌ದೂ ಇದೇ ಕತೆ. ಕಂಪ್ಯೂಟರಿನಲ್ಲಿ ಮೌಸ್ ಅದರ ಮೇಲಿಟ್ಟರೆ ಸಾಕು, ಕ್ಲಿಕ್ ಮಾಡಬೇಡಿ. ಅದು ಎಲ್ಲಿಗೆ ಹೋಗುತ್ತದೆ ಅಂತ ಕಾಣುತ್ತದೆ. 'ನನ್ನಬ್ಯಾಂಕ್ ಡಾಟ್ ಕಾಮ್ ಡಾಟ್ ಲಾಗಿನ್‌ಹೆಲ್ಪ್ ಡಾಟ್ ನೆಟ್' ಅಂತಿದೆ ಅನ್ನಿ. ಕಣ್ಣು ಶುರುವಿನ ಬ್ಯಾಂಕಿನ ಹೆಸರಿನಲ್ಲೇ ನಿಂತುಬಿಡುತ್ತದೆ, ಅಲ್ವಾ? ಆದರೆ ತಾಣದ ಒಡೆತನ ತಿಳಿಯುವುದು ಕೊನೆಯಲ್ಲಿ. ಇದು ಲಾಗಿನ್‌ಹೆಲ್ಪ್ ಡಾಟ್ ನೆಟ್‌ನವರದು, ಬ್ಯಾಂಕಿನದಲ್ಲ. ತಾಣದ ವಿಳಾಸದ ಪಕ್ಕ ಬೀಗದ ಗುರುತು ಇದ್ದರೂ ಅಷ್ಟೇ. ಮಾಹಿತಿ ಗುಟ್ಟಾಗಿ ಸಾಗುತ್ತದೆ ಅಂತ ಅದು ಹೇಳುತ್ತದೆಯೇ ಹೊರತು, ಆ ಕಡೆ ಇರುವವರು ಒಳ್ಳೆಯವರು ಅಂತಲ್ಲ. ಕಾಗುಣಿತದ ತಪ್ಪು ಹುಡುಕುವುದನ್ನೂ ಜಾಸ್ತಿ ನೆಚ್ಚಬೇಡಿ, ಈಗಿನ ನಕಲಿ ಮೇಲ್‌ಗಳ ಭಾಷೆ ಚೆನ್ನಾಗಿಯೇ ಇರುತ್ತದೆ.

ನಿಜ ಹೇಳಬೇಕೆಂದರೆ, ಇಷ್ಟೆಲ್ಲ ಪತ್ತೇದಾರಿ ಮಾಡದೆಯೂ ನೀವು ಪಾರಾಗಬಹುದು. ಮೇಲ್ ತೋರಿಸಿದ ದಾರಿಯಲ್ಲಿ ಹೋಗಲೇಬೇಡಿ. ಬ್ಯಾಂಕಿನ ಆಪ್ ನೀವೇ ತೆರೆಯಿರಿ, ಇಲ್ಲವೇ ಕಾರ್ಡಿನ ಹಿಂದಿರುವ ನಂಬರಿಗೆ ಫೋನ್ ಮಾಡಿ. ಖಾತೆಗೆ ನಿಜವಾಗಿ ತೊಂದರೆಯಿದ್ದರೆ ಅಲ್ಲೇ ತಿಳಿಯುತ್ತದೆ. ಮೇಲ್‌ಗೆ ಉತ್ತರ ಬರೆಯಬೇಡಿ. ಫಿಶಿಂಗ್, ಅಂದರೆ ಗುಟ್ಟಿನ ವಿವರ ಕದಿಯುವ ಮೋಸದ ಮೇಲ್, ಅಂತ ರಿಪೋರ್ಟ್ ಮಾಡಿ ಅಳಿಸಿಬಿಡಿ.

ಈಗಾಗಲೇ ಪಾಸ್‌ವರ್ಡ್ ಕೊಟ್ಟುಬಿಟ್ಟಿದ್ದೀರಾ? ನಾಚಿಕೊಂಡು ಸುಮ್ನೆ ಕೂರಬೇಡಿ, ದಯವಿಟ್ಟು. ಇದು ಎಂಥ ಜಾಣರಿಗೂ ಆಗುತ್ತದೆ, ಮತ್ತು ಇಲ್ಲಿ ಒಂದೊಂದು ನಿಮಿಷವೂ ಮುಖ್ಯ. ಅಸಲಿ ತಾಣಕ್ಕೆ ಹೋಗಿ ಪಾಸ್‌ವರ್ಡ್ ಬದಲಿಸಿ, ಅದನ್ನೇ ಬೇರೆಲ್ಲಿ ಇಟ್ಟಿದ್ದೀರೋ ಅಲ್ಲೂ ಬದಲಿಸಿ. ಬ್ಯಾಂಕಿನ ವಿವರ ಕೊಟ್ಟಿದ್ದರೆ ಎಲ್ಲಕ್ಕಿಂತ ಮೊದಲು ಬ್ಯಾಂಕಿಗೆ ಫೋನ್ ಮಾಡಿ. ಕೊಟ್ಟಿದ್ದು ಇಮೇಲ್‌ನ ಪಾಸ್‌ವರ್ಡ್ ಆಗಿದ್ದರೆ, ಎಲ್ಲ ಸಾಧನಗಳಿಂದ ಲಾಗ್ ಔಟ್ ಮಾಡಿ, ಎರಡು ಹಂತದ ಪರಿಶೀಲನೆ (ಪಾಸ್‌ವರ್ಡ್ ಜೊತೆ ಇನ್ನೊಂದು ಗುರುತನ್ನೂ ಕೇಳುವ ಏರ್ಪಾಡು) ಆನ್ ಮಾಡಿ. ಆಮೇಲೆ ಸೆಟ್ಟಿಂಗ್ಸ್‌ನಲ್ಲಿ ಫಾರ್ವರ್ಡಿಂಗ್ ನೋಡಿ. ಒಳಗೆ ಹೊಕ್ಕವರು ನಿಮ್ಮ ಮೇಲ್‌ಗಳ ಪ್ರತಿ ತಮಗೆ ಬರುವಂತೆ ಅಲ್ಲಿ ತಮ್ಮ ವಿಳಾಸ ಸೇರಿಸಿಟ್ಟಿರಬಹುದು. ಪಾಸ್‌ವರ್ಡ್ ಬದಲಿಸಿದರೂ ಅದು ಹಾಗೇ ಉಳಿದಿರುತ್ತದೆ, ನೀವೇ ಹುಡುಕಿ ತೆಗೆಯಬೇಕು.