ಪಾಟ್ಸ್‌ಡಾಮ್‌ನ ಒಂಬತ್ತನೇ ರೆಜಿಮೆಂಟ್: ಲೆಕ್ಕ ಹಾಕಿ ಕಟ್ಟಿದ ಕಾಲ್ದಳ

1926ರ ಅಕ್ಟೋಬರಿನಲ್ಲಿ ಜರ್ಮನಿಯ ಸೇನಾ ಮುಖ್ಯಸ್ಥ ಹಾನ್ಸ್ ಫಾನ್ ಸೀಕ್ಟ್ ಹುದ್ದೆ ಕಳೆದುಕೊಂಡರು. ಕಾರಣ ಕೇಳಿದರೆ ನಗು ಬರುತ್ತದೆ. 20 ವರ್ಷದ ಒಬ್ಬ ಹುಡುಗ ಸೈನ್ಯದ ಸಮವಸ್ತ್ರ ತೊಟ್ಟು ಸಮರಾಭ್ಯಾಸದಲ್ಲಿ ಭಾಗವಹಿಸಲು ಅವರು ಒಪ್ಪಿಗೆ ಕೊಟ್ಟಿದ್ದರು, ಅಷ್ಟೇ. ಆದರೆ ಆ ಹುಡುಗ ಪಟ್ಟ ಕಳೆದುಕೊಂಡು ದೇಶ ಬಿಟ್ಟಿದ್ದ ಚಕ್ರವರ್ತಿ ಎರಡನೇ ವಿಲ್ಹೆಲ್ಮ್‌ನ ಮೊಮ್ಮಗ. ಜರ್ಮನಿಯಲ್ಲಿ ಆಗ ಇದ್ದದ್ದು ಗಣರಾಜ್ಯ. ರಕ್ಷಣಾ ಸಚಿವರಿಗೆ ಸೀಕ್ಟ್ ಒಂದು ಮಾತೂ ಹೇಳಿರಲಿಲ್ಲ. ವಿಷಯ ಪತ್ರಿಕೆಗೆ ಸಿಕ್ಕಿತು, ಗದ್ದಲವಾಯಿತು, ಸೀಕ್ಟ್ ಮನೆಗೆ ಹೋದರು.

ರಾಜಕುಮಾರ ಸೇರಿಕೊಂಡದ್ದು ಪಾಟ್ಸ್‌ಡಾಮ್‌ನ 9ನೇ ಇನ್‌ಫೆಂಟ್ರಿ ರೆಜಿಮೆಂಟನ್ನು. ಬೇರೆ ರೆಜಿಮೆಂಟ್ ಆಗಿದ್ದರೆ ಇಷ್ಟು ಗುಮಾನಿ ಹುಟ್ಟುತ್ತಿರಲಿಲ್ಲವೇನೋ. ಪ್ರಷ್ಯ ಎಂಬ ಜರ್ಮನ್ ರಾಜ್ಯದ ರಾಜರ, ಅಂದರೆ ಈ ಹುಡುಗನ ಪೂರ್ವಜರ, ಸ್ವಂತ ಕಾವಲುಪಡೆಯಾಗಿದ್ದ ಒಂದನೇ ಫುಟ್ ಗಾರ್ಡ್ಸ್‌ನ ಪರಂಪರೆಗೆ ವಾರಸುದಾರ ಇದೇ ರೆಜಿಮೆಂಟ್. ಇದರ ಅಧಿಕಾರಿಗಳಲ್ಲಿ ಜಮೀನ್ದಾರಿ ಮನೆತನದವರೇ ಜಾಸ್ತಿ. ಜನ ಇದನ್ನು ‘ಗ್ರಾಫ್ ನೊಯ್ನ್’, ಅಂದರೆ ‘ಒಂಬತ್ತನೇ ಪ್ರಭು’ ಎಂದು ಗೇಲಿ ಮಾಡುತ್ತಿದ್ದರು.

ಇಷ್ಟೆಲ್ಲ ಹಳೆಯ ವೈಭವ ಹೊತ್ತ ರೆಜಿಮೆಂಟಿನ ಅಸ್ಥಿಪಂಜರ ಮಾತ್ರ ಹೊಚ್ಚ ಹೊಸದು. ಅದನ್ನು ಬರೆದುಕೊಟ್ಟವರು ಜರ್ಮನರೂ ಅಲ್ಲ, ಮೊದಲ ಮಹಾಯುದ್ಧದಲ್ಲಿ ಅವರನ್ನು ಸೋಲಿಸಿದವರು.

1919ರ ಜೂನ್ 28ರಂದು ಸಹಿಯಾದ ವರ್ಸೇಲ್ಸ್ ಒಪ್ಪಂದವನ್ನು ನಾವು ಶಾಲೆಯಲ್ಲಿ ಓದಿದ್ದು ದಂಡ, ಗಡಿ, ಅವಮಾನ ಎಂದು. ಅದರ ಸೈನಿಕ ಪಟ್ಟಿಗಳನ್ನು ನೋಡಿದರೆ ಯಾರೋ ಲೆಕ್ಕದ ಮೇಷ್ಟ್ರು ಕೂತು ಬರೆದ ಹಾಗಿದೆ. ಇಡೀ ಸೈನ್ಯ 1 ಲಕ್ಷ, ಅದರೊಳಗೆ ಅಧಿಕಾರಿಗಳು 4,000 ಮೀರುವಂತಿಲ್ಲ. ಕಾಲ್ದಳದ ಡಿವಿಷನ್ 7, ಕುದುರೆ ಡಿವಿಷನ್ 3. ಟ್ಯಾಂಕ್ ಇಲ್ಲ, ಯುದ್ಧವಿಮಾನ ಇಲ್ಲ, ವಿಷಾನಿಲ ಇಲ್ಲ. ಪ್ರತಿ ಕಾಲ್ದಳ ಡಿವಿಷನ್ನಿಗೆ 3 ರೆಜಿಮೆಂಟ್, ಹಾಗಾಗಿ ಒಟ್ಟು 21. ಒಂದೊಂದರಲ್ಲಿ 70 ಅಧಿಕಾರಿಗಳು, 2,300 ಸಿಪಾಯಿಗಳು. 21 ರೆಜಿಮೆಂಟಿಗೆ ಗುಣಿಸಿ ನೋಡಿ: 49,770. ಒಂದು ಲಕ್ಷದ ಸೈನ್ಯದಲ್ಲಿ ಹತ್ತಿರಹತ್ತಿರ ಅರ್ಧ ಇವರೇ.

ರೆಜಿಮೆಂಟಿನ ಒಳಗೆ 3 ಬೆಟಾಲಿಯನ್. ಒಂದೊಂದು ಬೆಟಾಲಿಯನ್ನಿನಲ್ಲಿ ರೈಫಲ್ ಹಿಡಿದ 3 ಕಂಪನಿ (ಅಂದರೆ ಚಿಕ್ಕ ತುಕಡಿ), ಜೊತೆಗೆ ಭಾರಿ ಮೆಷಿನ್ ಗನ್ನಿನ 1 ಕಂಪನಿ. ಕಂಪನಿಗಳಿಗೆ ಹೆಸರಿನ ಬದಲು ಸಾಲಾಗಿ ನಂಬರು. 1, 2, 3 ರೈಫಲ್, 4 ಮೆಷಿನ್ ಗನ್. 5, 6, 7 ರೈಫಲ್, 8 ಮೆಷಿನ್ ಗನ್. 9, 10, 11 ಆದ ಮೇಲೆ 12. ನಾಲ್ಕರಿಂದ ಭಾಗವಾಗುವ ಸಂಖ್ಯೆ ಬಂದರೆ ಅದು ಮೆಷಿನ್ ಗನ್ ಕಂಪನಿ ಎಂದೇ ಅರ್ಥ. ‘ಏಳನೇ ಕಂಪನಿ’ ಅಂದರೆ ಸಾಕು, ಅದು ಎರಡನೇ ಬೆಟಾಲಿಯನ್ನಿನ ರೈಫಲ್ ಕಂಪನಿ ಎಂದು ಯಾವ ಸಿಪಾಯಿಯಾದರೂ ಹೇಳುತ್ತಿದ್ದ. ಕೊನೆಯಲ್ಲಿ 13ನೇದು, ಮಾರ್ಟರ್ ಕಂಪನಿ; ಮಾರ್ಟರ್ ಅಂದರೆ ಗುಂಡನ್ನು ಮೇಲಕ್ಕೆ ಹಾರಿಸಿ ಬೀಳಿಸುವ ಗಿಡ್ಡ ಕೊಳವೆ. ಇದಲ್ಲದೆ ಹೊಸಬರಿಗೆ ಕವಾಯತು ಕಲಿಸಲೆಂದೇ ಒಂದು ತರಬೇತಿ ಬೆಟಾಲಿಯನ್ ಇತ್ತು.

ಆಯುಧಗಳ ಲೆಕ್ಕವೂ ಇದೇ ಅಚ್ಚಿನಲ್ಲಿ ಬಂದದ್ದು. ಇಡೀ ದೇಶಕ್ಕೆ 1,134 ಹಗುರ ಮೆಷಿನ್ ಗನ್ ಎಂದು ಒಪ್ಪಂದ ಹೇಳುತ್ತದೆ. ಇದೆಂಥ ವಿಚಿತ್ರ ಸಂಖ್ಯೆ ಅನಿಸುತ್ತದೆ, ಅಲ್ವಾ? 21 ರೆಜಿಮೆಂಟಿಗೆ ಒಂಬತ್ತೊಂಬತ್ತು ರೈಫಲ್ ಕಂಪನಿ ಎಂದರೆ 189 ಕಂಪನಿ. 1,134ನ್ನು 189ರಿಂದ ಭಾಗಿಸಿದರೆ ಸರಿಯಾಗಿ 6, ಶೇಷ ಸೊನ್ನೆ. ಭಾರಿ ಮೆಷಿನ್ ಗನ್ 792. ಅದರಲ್ಲಿ ಕುದುರೆ ಡಿವಿಷನ್‌ಗಳ ಪಾಲು 36 ಕಳೆದು ಉಳಿದದ್ದನ್ನು 63 ಮೆಷಿನ್ ಗನ್ ಕಂಪನಿಗೆ ಹಂಚಿದರೆ ತಲಾ 12. ಹೀಗೆ ಪಟ್ಟಿಯ ಪ್ರಕಾರ ಒಂದು ರೆಜಿಮೆಂಟಿಗೆ 54 ಹಗುರ, 36 ಭಾರಿ ಮೆಷಿನ್ ಗನ್. ಪ್ಯಾರಿಸ್ಸಿನಲ್ಲಿ ಕೂತವರು ಸುಮ್ನೆ ಬಾಯಿಗೆ ಬಂದ ಸಂಖ್ಯೆ ಹೇಳಿರಲಿಲ್ಲ. ಮೊದಲು ಕಂಪನಿಯನ್ನು ಕಟ್ಟಿ, ಅಲ್ಲಿಂದ ಮೇಲಕ್ಕೆ ಗುಣಿಸುತ್ತಾ ಹೋಗಿದ್ದರು.

ಈ ಪಟ್ಟಿಗಿಂತಲೂ ಜಾಣತನದ ಷರತ್ತು ಇನ್ನೊಂದಿತ್ತು. ಸಿಪಾಯಿಯಾಗಿ ಸೇರಿದವನು 12 ವರ್ಷ ಇರಲೇಬೇಕು. ಹೊಸ ಅಧಿಕಾರಿ 25 ವರ್ಷ. ಅವಧಿಗೆ ಮುಂಚೆ ಬಿಡಿಸಿ ಕಳಿಸುವುದು ವರ್ಷಕ್ಕೆ ನೂರಕ್ಕೆ 5 ಜನರನ್ನು ಮೀರಬಾರದು. ಇದರ ಹಿಂದೆ ಹಳೆಯ ನೆನಪಿದೆ. 1808ರಲ್ಲಿ ನೆಪೋಲಿಯನ್ ಪ್ರಷ್ಯದ ಸೈನ್ಯವನ್ನು 42,000ಕ್ಕೆ ಕಟ್ಟಿಹಾಕಿದ್ದ. ಆಗ ಪ್ರಷ್ಯನ್ನರು ಒಂದಷ್ಟು ಜನರನ್ನು ಕರೆದು, ಬೇಗ ಪಳಗಿಸಿ, ಮನೆಗೆ ಕಳಿಸಿ, ಅವರ ಜಾಗಕ್ಕೆ ಬೇರೆಯವರನ್ನು ತುಂಬಿಕೊಂಡರು. ಲೆಕ್ಕದಲ್ಲಿ ಸೈನ್ಯ ಚಿಕ್ಕದು, ಊರುಗಳಲ್ಲಿ ಬಂದೂಕು ಹಿಡಿಯಬಲ್ಲವರು ಮಾತ್ರ ಹೆಚ್ಚುತ್ತಾ ಹೋದರು. ಆ ಉಪಾಯದಿಂದ ನಿಜಕ್ಕೂ ಎಷ್ಟು ಲಾಭವಾಯಿತು ಎಂಬುದರಲ್ಲಿ ಇತಿಹಾಸಕಾರರಿಗೆ ಅನುಮಾನವಿದೆ. 1919ರಲ್ಲಿ ಮೇಜಿನ ಸುತ್ತ ಕೂತವರಿಗೆ ಆ ಅನುಮಾನ ಇರಲಿಲ್ಲ. 12 ವರ್ಷ ಹಿಡಿದಿಟ್ಟರೆ ಮೀಸಲು ಸೈನ್ಯ ಬೆಳೆಯುವುದಿಲ್ಲ ಎಂದುಕೊಂಡರು.

ಅದು ಬೆಳೆಯಲಿಲ್ಲ, ನಿಜ. ಆದರೆ 12 ವರ್ಷ ಒಬ್ಬನನ್ನು ಏನು ಮಾಡಿಸುತ್ತೀರಿ? ಕವಾಯತು ಒಂದೆರಡು ವರ್ಷದಲ್ಲಿ ಮುಗಿಯುತ್ತದೆ. ಸೀಕ್ಟ್ ಇದಕ್ಕೆ ಕಂಡುಕೊಂಡ ದಾರಿ ಸರಳ. ಪ್ರತಿಯೊಬ್ಬನಿಗೂ ತನಗಿಂತ ಒಂದು ಮೆಟ್ಟಿಲು ಮೇಲಿನವನ ಕೆಲಸ ಕಲಿಸುವುದು. ಸಿಪಾಯಿಗೆ ನಾಯಕ್‌ನ ಕೆಲಸ, ಹವಾಲ್ದಾರನಿಗೆ ಪ್ಲಟೂನ್ ನಡೆಸುವ ಕೆಲಸ, ಕ್ಯಾಪ್ಟನ್‌ಗೆ ಬೆಟಾಲಿಯನ್. ಒಪ್ಪಂದ ಅಧಿಕಾರಿಗಳ ಸಂಖ್ಯೆಗೆ ಮಿತಿ ಹಾಕಿತ್ತು. ನಾಯಕ್, ಹವಾಲ್ದಾರ್ ದರ್ಜೆಯವರು ಎಷ್ಟಿರಬೇಕು ಎಂದು ಬರೆಯುವುದನ್ನು ಮರೆತಿತ್ತು. ಇಡೀ ಒಪ್ಪಂದದಲ್ಲಿ ದೊಡ್ಡ ತೂತು ಇದೇ ಎಂದು ನನಗನ್ನಿಸುತ್ತದೆ. ರಷ್ಯದ ಕಜಾನ್ ಬಳಿ ಗುಟ್ಟಾಗಿ ನಡೆಸಿದ ಟ್ಯಾಂಕ್ ಶಾಲೆಯ ಕಥೆ ರೋಚಕವಾಗಿದೆ, ಎಲ್ಲರೂ ಅದನ್ನೇ ಹೇಳುತ್ತಾರೆ. ಆದರೆ ಅಲ್ಲಿ ಕಲಿತವರು ಕೈಬೆರಳೆಣಿಕೆಯಷ್ಟು. ಹವಾಲ್ದಾರರು ತಯಾರಾಗುತ್ತಿದ್ದದ್ದು 21 ರೆಜಿಮೆಂಟಿನಲ್ಲೂ, ಹಗಲು ಹೊತ್ತಿನಲ್ಲೇ.

ಹಾಗೆಂದು ಸಿಪಾಯಿಯ ಬದುಕು ಸೊಗಸಾಗಿತ್ತು ಎಂದಲ್ಲ. 1921ರ ಸೈನಿಕ ಕಾಯ್ದೆ ಅವನ ಮತದಾನದ ಹಕ್ಕನ್ನೇ ತಡೆಹಿಡಿದಿತ್ತು. ಬಡ್ತಿ ಆಮೆಗತಿ. ಮುಂದೆ ಹೆಸರುವಾಸಿಯಾದ ರೋಮೆಲ್, 13ನೇ ರೆಜಿಮೆಂಟಿನಲ್ಲಿ ಕಂಪನಿ ನಡೆಸಿದವರು, 1918ರಲ್ಲಿ ಕ್ಯಾಪ್ಟನ್ ಆಗಿ ಮೇಜರ್ ಆಗಲು 12 ವರ್ಷಕ್ಕೂ ಜಾಸ್ತಿ ಕಾದರು. ಸಮರಾಭ್ಯಾಸಕ್ಕೆ ಟ್ಯಾಂಕ್ ಬೇಕಾದರೆ ಮೋಟಾರು ಗಾಡಿಗೆ ಬಟ್ಟೆಯ ಹೊದಿಕೆ ಹಾಕುತ್ತಿದ್ದರು. ಒಳಗೇನಿದೆ ನೋಡಲು ಶಾಲೆಯ ಹುಡುಗರು ಅದಕ್ಕೆ ಪೆನ್ಸಿಲ್ ಚುಚ್ಚುತ್ತಿದ್ದರು ಎಂದು ಟ್ಯಾಂಕ್ ದಳದ ಗುಡೇರಿಯನ್ ನೆನೆದಿದ್ದಾರೆ.

ಹಿಟ್ಲರ್ ಬಂದ ಮೇಲೆ ಈ ಚಿಕ್ಕ ಸೈನ್ಯ ಬೀಜದ ದಾಸ್ತಾನಾಯಿತು. 1934ರಲ್ಲಿ ಹಳೆಯ ರೆಜಿಮೆಂಟ್‌ಗಳನ್ನು ಒಡೆದು, ಆ ತುಂಡುಗಳ ಸುತ್ತ ಹೊಸವನ್ನು ಕಟ್ಟತೊಡಗಿದರು. 1935ರ ಮಾರ್ಚ್ 16ರಂದು ಕಡ್ಡಾಯ ಸೈನಿಕ ಸೇವೆ ಮತ್ತೆ ಬಂತು, ಗುರಿ 36 ಡಿವಿಷನ್. 9ನೇ ರೆಜಿಮೆಂಟ್ ಹೊಸ 23ನೇ ಡಿವಿಷನ್ನಿಗೆ ಸೇರಿತು. ತಮಾಷೆ ನೋಡಿ, ಒಪ್ಪಂದವನ್ನು ಹರಿದು ಎಸೆದವರು ಅದರ ಪಟ್ಟಿಯನ್ನು ಎಸೆಯಲಿಲ್ಲ. 3 ಬೆಟಾಲಿಯನ್, ನಾಲ್ಕರ ಲೆಕ್ಕದ ನಂಬರು ಎಲ್ಲ ಹಾಗೆಯೇ ಉಳಿಯಿತು. 13ನೇ ಕಂಪನಿಗೆ ಮಾರ್ಟರ್ ಬದಲು ಸಣ್ಣ ಫಿರಂಗಿ ಬಂತು, ಟ್ಯಾಂಕ್ ಹೊಡೆಯಲು 14ನೇ ಕಂಪನಿ ಹೊಸದಾಗಿ ಸೇರಿತು. ಎಳೆಯಲು ಮಾತ್ರ ಹೆಚ್ಚಾಗಿ ಕುದುರೆಗಳೇ.

1939ರ ಸೆಪ್ಟೆಂಬರಿನಲ್ಲಿ ರೆಜಿಮೆಂಟ್ ಪೋಲೆಂಡಿಗೆ ನುಗ್ಗಿತು. ಎರಡನೇ ದಿನವೇ ಹೈನ್ರಿಷ್ ಫಾನ್ ವೈಟ್ಸೆಕರ್ ಎಂಬ ಯುವ ಅಧಿಕಾರಿ ಸತ್ತರು. ಅದೇ ರೆಜಿಮೆಂಟಿನಲ್ಲಿದ್ದ ತಮ್ಮ ರಿಷರ್ಡ್ ಅಣ್ಣನನ್ನು ಮಣ್ಣು ಮಾಡಿದರು. ಈ ರಿಷರ್ಡ್ 1984ರಲ್ಲಿ ಪಶ್ಚಿಮ ಜರ್ಮನಿಯ ಅಧ್ಯಕ್ಷರಾದರು.

ಹಿಟ್ಲರನನ್ನು ಕೊಲ್ಲಲು ಸಂಚು ಮಾಡಿದವರಲ್ಲಿ ಈ ರೆಜಿಮೆಂಟಿನವರ ಹೆಸರು ಮತ್ತೆ ಮತ್ತೆ ಬರುತ್ತದೆ. ಹೆನಿಂಗ್ ಫಾನ್ ಟ್ರೆಸ್ಕೋ 1926ರಲ್ಲಿ ಬ್ಯಾಂಕಿನ ಕೆಲಸ ಬಿಟ್ಟು ಇದಕ್ಕೆ ಸೇರಿದ್ದವರು. ಆಕ್ಸೆಲ್ ಫಾನ್ ಡೆಮ್ ಬುಶ್ಶೆ 1942ರಲ್ಲಿ ಉಕ್ರೇನಿನ ದುಬ್ನೋದಲ್ಲಿ ಯಹೂದಿಗಳನ್ನು ಸಾಲಾಗಿ ಗುಂಡಿಟ್ಟು ಕೊಂದದ್ದನ್ನು ಕಣ್ಣಾರೆ ಕಂಡರು. ಮರುವರ್ಷ, ಹೊಸ ಸಮವಸ್ತ್ರ ತೋರಿಸುವ ನೆಪದಲ್ಲಿ ಹಿಟ್ಲರನ ಹತ್ತಿರ ಹೋಗಿ ಬಾಂಬಿನ ಜೊತೆ ತಾವೂ ಸಿಡಿಯಲು ಸಿದ್ಧರಾದರು. ತೋರಿಸಬೇಕಿದ್ದ ಸಮವಸ್ತ್ರಗಳೇ ವಿಮಾನ ದಾಳಿಯಲ್ಲಿ ಸುಟ್ಟುಹೋದವು. ಇದರಿಂದ ಇಡೀ ರೆಜಿಮೆಂಟಿಗೆ ಪುಣ್ಯ ಕಟ್ಟುವುದು ಸರಿಯಲ್ಲ. ಉಳಿದ ಸಾವಿರಾರು ಜನ ಹೇಳಿದ ಕಡೆ ನಡೆದರು, ಮಾಸ್ಕೋ ದಿಕ್ಕಿಗೂ ನಡೆದರು.

ಇದೇ ರೆಜಿಮೆಂಟಿನ ಇನ್ನೊಬ್ಬ ಅಧಿಕಾರಿ ವೋಲ್ಫ್ ಫಾನ್ ಬೌಡಿಸಿನ್ 1941ರಲ್ಲಿ ಉತ್ತರ ಆಫ್ರಿಕದಲ್ಲಿ ಸೆರೆಸಿಕ್ಕಿ ಆಸ್ಟ್ರೇಲಿಯದ ಶಿಬಿರದಲ್ಲಿ ವರ್ಷಗಟ್ಟಲೆ ಕಳೆದರು. 1950ರ ದಶಕದಲ್ಲಿ ಪಶ್ಚಿಮ ಜರ್ಮನಿ ಹೊಸ ಸೈನ್ಯ ಕಟ್ಟುವಾಗ, ಸೈನಿಕ ಮೊದಲು ನಾಗರಿಕ ಎಂಬ ನಿಯಮವನ್ನು ಅದರೊಳಗೆ ತಂದವರಲ್ಲಿ ಇವರು ಮುಖ್ಯರು. ಆ ಸೈನ್ಯದ ಸಿಪಾಯಿಗೆ ಮತದಾನದ ಹಕ್ಕಿದೆ. ಅಪರಾಧ ಮಾಡು ಎಂದು ಮೇಲಿನವನು ಆಜ್ಞೆ ಕೊಟ್ಟರೆ ಪಾಲಿಸಕೂಡದು ಎಂದು 1956ರ ಸೈನಿಕರ ಕಾಯ್ದೆಯಲ್ಲೇ ಬರೆದಿದೆ.