ಒಂದು ಕೈ ಸೋತರೆ ಪಿಯಾನೋ ಕಛೇರಿ ಮುಗಿದ ಹಾಗೇನಾ?

ಪ್ರಶ್ನೆ: ಪಿಯಾನೋ ನುಡಿಸೋದನ್ನೇ ನಂಬಿಕೊಂಡವರಿಗೆ ಒಂದು ಕೈ ಕೈಕೊಟ್ಟರೆ ಏನು ಗತಿ? ಎಡಗೈ ಒಂದರಲ್ಲೇ ಕಛೇರಿ ಕೊಡೋಕೆ ನಿಜವಾಗಲೂ ಆಗುತ್ತಾ?

ಉತ್ತರ: ಆಗುತ್ತದೆ. ಆದರೆ ಮೊದಲಿನ ಬದುಕೇ ವಾಪಸ್ ಬರುತ್ತದೆ ಅಂತ ಹೇಳಲಾಗದು. ಪಿಯಾನೋ ವಾದಕ ಲಿಯಾನ್ ಫ್ಲೈಶರ್ ಕಥೆ ಕೇಳಿದರೆ ಎರಡೂ ಮಾತು ಅರ್ಥವಾಗುತ್ತದೆ.

ಫ್ಲೈಶರ್ ಹುಟ್ಟಿದ್ದು 1928ರಲ್ಲಿ, ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ. ಇನ್ನೂ ಚಿಕ್ಕ ಹುಡುಗನಾಗಿದ್ದಾಗಲೇ ಹೆಸರಾಂತ ಪಿಯಾನೋ ವಾದಕ ಆರ್ತುರ್ ಶ್ನಾಬೆಲ್ ಅವರ ಶಿಷ್ಯ. 16ನೇ ವಯಸ್ಸಿಗೆ ಕಾರ್ನೆಗಿ ಹಾಲ್‌ನಲ್ಲಿ ನ್ಯೂಯಾರ್ಕ್ ಫಿಲ್‌ಹಾರ್ಮೋನಿಕ್ ವಾದ್ಯವೃಂದದ ಜೊತೆ ಕಛೇರಿ. 1952ರಲ್ಲಿ ಬ್ರಸೆಲ್ಸ್‌ನ ಕ್ವೀನ್ ಎಲಿಜಬೆತ್ ಸ್ಪರ್ಧೆಯಲ್ಲಿ ಮೊದಲ ಬಹುಮಾನ. ಆಮೇಲೆ ಜಾರ್ಜ್ ಸೆಲ್ ನಡೆಸುತ್ತಿದ್ದ ಕ್ಲೀವ್‌ಲ್ಯಾಂಡ್ ಆರ್ಕೆಸ್ಟ್ರಾ ಜೊತೆ ಬೇಥೋವನ್‌ನ ಐದೂ ಪಿಯಾನೋ ಕಾನ್ಸರ್ಟೋಗಳನ್ನು (ಪಿಯಾನೋ ಮುಂದಾಳಾಗಿ ವಾದ್ಯವೃಂದದ ಜೊತೆ ನುಡಿಸುವ ಕೃತಿಗಳನ್ನು) ರೆಕಾರ್ಡ್ ಮಾಡಿದರು. ಸಿಕ್ಕರೆ ಬಿಡದೆ ಕೇಳಿ.

1964ರ ಸುಮಾರಿಗೆ ಅವರ ಬಲಗೈಯ ಉಂಗುರದ ಬೆರಳು, ಕಿರುಬೆರಳು ಮಾತು ಕೇಳದಾದವು. ಪಿಯಾನೋ ಮೇಲೆ ಕೈ ಇಟ್ಟರೆ ಸಾಕು, ಎರಡೂ ಬೆರಳು ತಾವಾಗೇ ಅಂಗೈ ಕಡೆ ಮಡಚಿಕೊಳ್ಳುತ್ತಿದ್ದವು. ಆಗ ಅವರಿಗೆ 36 ವರ್ಷ. ಇನ್ನೂ ಜಾಸ್ತಿ ಅಭ್ಯಾಸ ಮಾಡಿದರೆ ಸರಿಹೋಗುತ್ತೆ ಅಂತ ಗಂಟೆಗಟ್ಟಲೆ ಕೂತರು. ಅದು ಇನ್ನಷ್ಟು ಕೆಟ್ಟಿತು. 1965ರಲ್ಲಿ ಸೆಲ್ ತಂಡದ ಜೊತೆ ಸೋವಿಯತ್ ಒಕ್ಕೂಟಕ್ಕೆ ಹೋಗಬೇಕಿತ್ತು, ಅದೂ ತಪ್ಪಿಹೋಯಿತು.

ಈ ಕಾಯಿಲೆಗೆ ಫೋಕಲ್ ಡಿಸ್ಟೋನಿಯಾ ಅನ್ನುತ್ತಾರೆ. ತೊಂದರೆ ಇರುವುದು ಬೆರಳಿನಲ್ಲಲ್ಲ, ಬೆರಳಿಗೆ ಅಪ್ಪಣೆ ಕೊಡುವ ಮೆದುಳಿನಲ್ಲಿ. ಸಾವಿರಾರು ಸಲ ಒಂದೇ ಸೂಕ್ಷ್ಮ ಚಲನೆ ಮಾಡಿ ಮಾಡಿ, ಅಕ್ಕಪಕ್ಕದ ಬೆರಳುಗಳ ಲೆಕ್ಕ ಮೆದುಳಿನಲ್ಲಿ ಕಲಸಿಹೋಗುತ್ತದೆ. ನೋವು ಇರುವುದೇ ಕಡಿಮೆ. ಎಷ್ಟೋ ಜನರಿಗೆ ಅದೇ ಕೈಯಲ್ಲಿ ಊಟ, ಕೆಲಸ ಎಲ್ಲಾ ಸಲೀಸಾಗಿ ನಡೆಯುತ್ತದೆ. ವಾದ್ಯ ಮುಟ್ಟಿದಾಗ ಮಾತ್ರ ಬೆರಳು ತಿರುಗಿ ಬೀಳುತ್ತದೆ. ಅದಕ್ಕೇ ಹೊರಗಿನವರಿಗೆ ಇದನ್ನು ನಂಬಿಸುವುದು ಕಷ್ಟ. ಸಂಗೀತವನ್ನೇ ವೃತ್ತಿ ಮಾಡಿಕೊಂಡವರಲ್ಲಿ ನೂರಕ್ಕೆ ಸುಮಾರು ಒಬ್ಬರಿಗೆ ಇದು ಬರುತ್ತದೆ ಅನ್ನುವುದು ವೈದ್ಯರ ಅಂದಾಜು. ಹೇಳಿಕೊಂಡರೆ ಮುಂದಿನ ಕಛೇರಿಗಳು ಕೈತಪ್ಪುತ್ತವೆ ಅಂತ ಬಚ್ಚಿಟ್ಟುಕೊಳ್ಳುವವರೂ ಇದ್ದಾರೆ. ಅವರನ್ನು ದೂರುವುದು ಹೇಗೆ?

ಫ್ಲೈಶರ್ ಎಷ್ಟು ಕುಗ್ಗಿದ್ದರೆಂದರೆ, ಸಾಯುವ ಯೋಚನೆ ಕೂಡ ಬಂದಿತ್ತು ಅಂತ ಮುಂದೆ ಅವರೇ ಹೇಳಿಕೊಂಡರು. ನಿಧಾನಕ್ಕೆ ಪಾಠ ಹೇಳುವುದರಲ್ಲಿ, ಆರ್ಕೆಸ್ಟ್ರಾ ನಡೆಸುವುದರಲ್ಲಿ ಮನಸ್ಸು ಇಟ್ಟರು. ಎಡಗೈಗೆ ಅಂತಲೇ ಬರೆದ ಸಂಗೀತದ ಕಡೆಗೂ ತಿರುಗಿದರು.

ಆ ಸಂಗೀತ ಇದ್ದದ್ದು ಬಹುಮಟ್ಟಿಗೆ ವಿಯೆನ್ನಾದ ಪಿಯಾನೋ ವಾದಕ ಪಾಲ್ ವಿಟ್ಗೆನ್‌ಸ್ಟೈನ್ ದಯೆಯಿಂದ. ಮೊದಲ ಮಹಾಯುದ್ಧದಲ್ಲಿ ಅವರ ಬಲಗೈಯನ್ನೇ ಕತ್ತರಿಸಬೇಕಾಯಿತು. ಹಣವಂತರ ಮನೆ. ದೊಡ್ಡ ದೊಡ್ಡ ಸಂಗೀತ ರಚನಕಾರರಿಗೆ ದುಡ್ಡು ಕೊಟ್ಟು ತಮ್ಮ ಎಡಗೈಗಾಗಿ ಬರೆಸಿಕೊಂಡರು. 1932ರ ಜನವರಿಯಲ್ಲಿ ಮೊದಲು ನುಡಿಸಿದ ರವೆಲ್‌ನ ಕಾನ್ಸರ್ಟೋ ಅದರಲ್ಲಿ ಎಲ್ಲಕ್ಕಿಂತ ಹೆಸರಾದದ್ದು. ಕಣ್ಣು ಮುಚ್ಚಿ ಕೇಳಿದರೆ ಒಂದೇ ಕೈ ಅಂತ ಯಾರಿಗೂ ಹೊಳೆಯುವುದಿಲ್ಲ. ಎಡಗೈ ಪಿಯಾನೋ ಮೇಲಿಟ್ಟು ನೋಡಿ, ಹೆಬ್ಬೆರಳು ಬಲಗಡೆ, ಅಂದರೆ ಮೇಲಿನ ಸ್ವರಗಳ ಕಡೆ ಇರುತ್ತದೆ. ರಾಗದ ಎಳೆಯನ್ನು ಗಟ್ಟಿಯಾದ ಆ ಹೆಬ್ಬೆರಳು ಹಿಡಿಯುತ್ತದೆ. ಉಳಿದ ಬೆರಳು ಕೆಳಗಿನ ಸ್ವರಗಳನ್ನು ನೋಡಿಕೊಳ್ಳುತ್ತವೆ. ಕೆಳಗಿನ ಸ್ವರ ಬಾರಿಸಿ ಪೆಡಲ್ ಒತ್ತಿ ಹಿಡಿದರೆ, ಅದು ಮೊಳಗುತ್ತಿರುವಾಗಲೇ ಕೈ ಮೇಲಕ್ಕೆ ಹಾರಬಹುದು. ಬಲಗೈ ಒಂದಕ್ಕೇ ಇಷ್ಟು ಅನುಕೂಲ ಇಲ್ಲ. ಅದರ ಹೆಬ್ಬೆರಳು ಕೆಳಗಡೆ, ರಾಗ ಬಡಪಾಯಿ ಕಿರುಬೆರಳಿನ ಪಾಲಿಗೆ. ಅದಕ್ಕೇ ಒಂಟಿ ಬಲಗೈಗೆ ಬರೆದದ್ದು ತೀರಾ ಕಡಿಮೆ.

ವಿಟ್ಗೆನ್‌ಸ್ಟೈನ್ ತಾವೇ ಬರೆಸಿದ್ದನ್ನೆಲ್ಲಾ ಮೆಚ್ಚಲಿಲ್ಲ. ಹಿಂಡೆಮಿತ್ 1923ರಲ್ಲಿ ಬರೆದುಕೊಟ್ಟದ್ದನ್ನು ಸುಮ್ನೆ ಎತ್ತಿಟ್ಟುಬಿಟ್ಟರು. ಯಾರೂ ಕೇಳಲೇ ಇಲ್ಲ. 2004ರಲ್ಲಿ ಬರ್ಲಿನ್ ಫಿಲ್‌ಹಾರ್ಮೋನಿಕ್ ಜೊತೆ ಅದನ್ನು ಮೊಟ್ಟಮೊದಲು ನುಡಿಸಿದವರು ಫ್ಲೈಶರ್! ನನಗೆ ಈ ವಿಷಯ ನೆನೆದಾಗೆಲ್ಲಾ ಖುಷಿಯಾಗುತ್ತದೆ.

ಬಲಗೈ? 1990ರ ದಶಕದಲ್ಲಿ ಬೊಟಾಕ್ಸ್ ಚುಚ್ಚುಮದ್ದು, ಜೊತೆಗೆ ಸ್ನಾಯು ಸಡಿಲಿಸುವ ಚಿಕಿತ್ಸೆ ಕೆಲಸ ಮಾಡಿತು. 30 ವರ್ಷದ ಮೇಲೆ ಫ್ಲೈಶರ್ ಮತ್ತೆ ಎರಡೂ ಕೈಯಲ್ಲಿ ನುಡಿಸಿದರು. 2004ರಲ್ಲಿ ಎರಡು ಕೈಗಳ ರೆಕಾರ್ಡಿಂಗ್ ಕೂಡ ಬಂತು. ಆದರೆ ಕಾಯಿಲೆ ವಾಸಿಯಾಗಲಿಲ್ಲ. ಮದ್ದಿನ ಬಲ ಕೆಲವು ತಿಂಗಳಷ್ಟೇ, ಮತ್ತೆ ಚುಚ್ಚಿಸಿಕೊಳ್ಳಬೇಕು. ಯಾವ ಬೆರಳು ನಂಬಬಹುದು ಅಂತ ನೋಡಿಕೊಂಡೇ ನುಡಿಸಬೇಕು. 2020ರಲ್ಲಿ, 92ನೇ ವಯಸ್ಸಿನಲ್ಲಿ ತೀರಿಕೊಂಡರು.

ಪಿಟೀಲು, ತಬಲ, ಗಿಟಾರ್ ನುಡಿಸುವವರಿಗೂ ಈ ಕಾಯಿಲೆ ಬರಬಹುದು. ನಿಮ್ಮ ಬೆರಳೂ ವಾದ್ಯದ ಮೇಲೆ ಮಾತ್ರ ಹಟ ಹಿಡಿಯುತ್ತಿದ್ದರೆ, ಇನ್ನೊಂದು ಗಂಟೆ ಸಾಧನೆ ಮಾಡಿ ಸರಿಮಾಡುತ್ತೇನೆ ಅಂತ ಕೂರಬೇಡಿ. ನರರೋಗ ತಜ್ಞರ ಹತ್ತಿರ ಹೋಗುವಾಗ, ನುಡಿಸುತ್ತಿರುವ ಒಂದು ವಿಡಿಯೋ ಜೊತೆಗಿಟ್ಟುಕೊಳ್ಳಿ. ಮೇಜಿನ ಮೇಲೆ ಸುಮ್ನೆ ಇಟ್ಟ ಕೈಯಲ್ಲಿ ಅವರಿಗೆ ಏನೂ ಕಾಣದೇ ಹೋಗಬಹುದು.